ಲಾರಿ ನಮ್ಮದು, ಲೋಡು ಯಾರದೋ

ಹೊಸಪೇಟೆಯ ಬೈಪಾಸಿನಲ್ಲಿ ನಿಂತ ಲಾರಿಗಳ ಸಾಲಿನಲ್ಲಿ ಮಾಲೀಕನೇ ಓಡಿಸುವ ಲಾರಿ ಯಾವುದೆಂದು ಗುರುತಿಸುವುದು ಕಷ್ಟವಲ್ಲ. ಅದರ ಹಣೆಯ ಮೇಲೆ ಮನೆದೇವರ ಹೆಸರು, ಬಂಪರಿನ ಮೇಲೆ ಮಕ್ಕಳ ಹೆಸರು ಇರುತ್ತವೆ. ಟೈರುಗಳಲ್ಲಿ ಎರಡು ಹೊಸವು, ನಾಲ್ಕು ರೀಟ್ರೆಡ್ ಮಾಡಿಸಿದವು, ಉಳಿದವು ಇನ್ನೊಂದು ಟ್ರಿಪ್ಪಿಗೆ ತಾಳಿದರೆ ಸಾಕು ಎನ್ನುವಂಥವು. ಕಂಪನಿಯ ಲಾರಿಯ ಮೇಲೆ ಕಂಪನಿಯ ಹೆಸರು, ಒಂದು ದೂರವಾಣಿ ಸಂಖ್ಯೆ, ಒಂದು ಕ್ರಮಸಂಖ್ಯೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಜನ ಇಂದಿಗೂ 13 ಮತ್ತು 63 ಎಂಬ ಹಳೆಯ ಸಂಖ್ಯೆಗಳಿಂದಲೇ ಕರೆಯುವ ಎರಡು ಹೆದ್ದಾರಿಗಳು ಕೂಡುವ ಈ ಊರಿನಲ್ಲಿ ಲಾರಿ ಮಾಲೀಕರ ತೆರಿಗೆ, ವಿಮೆ, ಪರ್ಮಿಟ್ ಮತ್ತು ಎಫ್.ಸಿ. (ವಾಹನ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಕಾಗದಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಒಂದು ಅಥವಾ ಎರಡು ಲಾರಿ ಇಟ್ಟುಕೊಂಡು, ಅದರಲ್ಲಿ ಒಂದನ್ನು ತಾವೇ ಓಡಿಸುವವರು. ಅವರ ಕಾಲ ಮುಗಿಯಿತು, ಇನ್ನು ಮುಂದೆ ಈ ವ್ಯಾಪಾರವೆಲ್ಲ ದೊಡ್ಡ ಕಂಪನಿಗಳದ್ದೇ ಎಂಬ ಮಾತನ್ನು ಬಹಳ ಮಂದಿ ಬಹಳ ಸಲೀಸಾಗಿ ಆಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಒಪ್ಪದಿರಲು ನನಗಿರುವ ಕಾರಣಗಳನ್ನು ಹೇಳುವ ಮೊದಲು, ಆ ಮಾತು ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಸರಿಯಾಗಿ ನೋಡಬೇಕಾಗುತ್ತದೆ.

ನಮ್ಮ ಕಡೆ ಲಾರಿ ಮಾಲೀಕನಾಗುವ ದಾರಿ ಹೆಚ್ಚು ಕಡಿಮೆ ಒಂದೇ. ಹದಿನಾರು ಹದಿನೇಳರ ಹುಡುಗ ಕ್ಲೀನರ್ ಆಗಿ ಹತ್ತುತ್ತಾನೆ, ಡ್ರೈವರ್ ಊಟಕ್ಕೆ ಇಳಿದಾಗ ಸ್ಟೀರಿಂಗ್ ಹಿಡಿಯುವುದನ್ನು ಕಲಿಯುತ್ತಾನೆ, ಲೈಸೆನ್ಸ್ ಮಾಡಿಸಿಕೊಂಡು ಕೆಲವು ವರ್ಷ ಇನ್ನೊಬ್ಬರ ಲಾರಿ ಓಡಿಸುತ್ತಾನೆ, ಆಮೇಲೆ ಹೆಂಡತಿಯ ಒಡವೆ ಮತ್ತು ಅಣ್ಣತಮ್ಮಂದಿರ ಕೈಗಡ ಸೇರಿಸಿ ಮುಂಗಡ ಕಟ್ಟಿ ಹಳೆಯ ಲಾರಿಯೊಂದನ್ನು ಫೈನಾನ್ಸಿನಲ್ಲಿ ತರುತ್ತಾನೆ. ಬ್ಯಾಂಕುಗಳು ಇಂಥವರನ್ನು ಒಳಗೆ ಬಿಟ್ಟುಕೊಳ್ಳದಿದ್ದ ಕಾಲದಲ್ಲಿ, ಹಳೆಯ ಲಾರಿಗಳಿಗೇ ಸಾಲ ಕೊಡುವುದನ್ನು ಒಂದು ವ್ಯವಹಾರವನ್ನಾಗಿ ಬೆಳೆಸಿದ್ದು 1979ರಲ್ಲಿ ಆರಂಭವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್‌ನಂಥ ಸಂಸ್ಥೆಗಳು. ಬಡ್ಡಿ ಹೆಚ್ಚು ಎಂಬ ದೂರು ನ್ಯಾಯವಾದದ್ದೇ. ಆದರೂ ಜಮೀನಿಲ್ಲದ, ಓದಿಲ್ಲದ, ಜಾಮೀನು ನಿಲ್ಲುವವರಿಲ್ಲದ ಒಬ್ಬ ಮನುಷ್ಯ ತನ್ನ ಹೆಸರಿನ ಆರ್.ಸಿ. ಪುಸ್ತಕವನ್ನು ಕೈಯಲ್ಲಿ ಹಿಡಿಯುವಂತಾದದ್ದು ಆ ದಾರಿಯಿಂದಲೇ. ಕೂಲಿಯಿಂದ ಒಡೆತನಕ್ಕೆ ಏರುವ ಇಷ್ಟು ನೇರವಾದ ಇನ್ನೊಂದು ಏಣಿ ನಮ್ಮ ಬಯಲುಸೀಮೆಯಲ್ಲಿ ಇರಲಿಲ್ಲ, ಈಗಲೂ ಇಲ್ಲ. ಅದು ಮುರಿದುಬಿದ್ದರೆ ಹೋಗುವುದು ಲಾರಿಗಳಲ್ಲ, ಆ ಏರಿಕೆಯೇ ಹೋಗುತ್ತದೆ ಎಂಬ ಕಾರಣಕ್ಕೆ ಈ ವಿಷಯ ನನಗೆ ಮುಖ್ಯವಾಗುತ್ತದೆ.

ಈ ಏಣಿ ಎಷ್ಟು ಬೇಗ ಏರಿಸಬಲ್ಲದು ಮತ್ತು ಎಷ್ಟು ಬೇಗ ಕೆಡವಬಲ್ಲದು ಎಂಬುದನ್ನು ನಮ್ಮ ಜಿಲ್ಲೆಗಳಷ್ಟು ಕಂಡವು ಬೇರೆ ಇರಲಾರವು. 2004ರ ಹೊತ್ತಿಗೆ ಚೀನಾದ ಉಕ್ಕಿನ ಕಾರ್ಖಾನೆಗಳ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆ, ಬಳ್ಳಾರಿಯ ಅದಿರು ಅಂಕೋಲಾ ದಾರಿಯಾಗಿ ಬೇಲೆಕೇರಿ ಮತ್ತು ಕಾರವಾರಕ್ಕೆ, ಘಟ್ಟ ಇಳಿದು ಮಂಗಳೂರಿಗೆ, ಪೂರ್ವದ ಕಡೆ ಕೃಷ್ಣಪಟ್ಟಣಕ್ಕೆ ಹೊರಟಿತು. ಹೊಲ ಮಾರಿದವರು, ಹೊಲ ಅಡವಿಟ್ಟವರು, ಶಾಲೆಯ ಮೇಷ್ಟರು, ಕಿರಾಣಿ ಅಂಗಡಿಯವರು ಎಲ್ಲರೂ ಲಾರಿ ತಂದರು. ಆ ವರ್ಷಗಳಲ್ಲಿ ಲಾರಿ ಓಡಿದ್ದು ಕಾನೂನು ಹೇಳಿದ ತೂಕದ ಲೆಕ್ಕದಲ್ಲಿ ಅಲ್ಲ. ಮಿತಿಗಿಂತ ಬಹಳ ಹೆಚ್ಚು ತುಂಬಿ ಓಡಿಸಿದರೆ ಮಾತ್ರ ಕಂತು ತೀರುವಂತೆ ಬಾಡಿಗೆಯೇ ನಿಗದಿಯಾಗಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ಕುರಿತ ವರದಿ ಹೊರಬಂದಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು, ಆಗಸ್ಟಿನಲ್ಲಿ ಆ ತಡೆ ಚಿತ್ರದುರ್ಗ ಮತ್ತು ತುಮಕೂರಿಗೂ ವಿಸ್ತರಿಸಿತು.

ಆ ಆದೇಶ ಬೇಕಾಗಿತ್ತು. ಬೆಟ್ಟಗಳು ಹೋದದ್ದನ್ನು, ಬೆಳೆಗಳ ಮೇಲೆ ಕೆಂಪು ಧೂಳು ಕುಳಿತದ್ದನ್ನು ಕಂಡ ಯಾರೂ ಅದನ್ನು ತಪ್ಪೆನ್ನಲಾರರು. ಆದರೆ ಆ ವ್ಯವಹಾರದಲ್ಲಿ ಲಾಭದ ದೊಡ್ಡ ಪಾಲು ಯಾರಿಗೆ ಹೋಗಿತ್ತೋ ಅವರ ಬಳಿ ನಿಂತ ಲಾರಿಗಳಿರಲಿಲ್ಲ. ನಿಂತದ್ದು ಒಂದು ಲಾರಿ, ಎರಡು ಲಾರಿಗಳವರ ವಾಹನಗಳು. ಹೊಲಗಳ ಬದಿಯಲ್ಲಿ, ಪೆಟ್ರೋಲ್ ಬಂಕುಗಳ ಹಿಂದೆ ಸಾಲು ಸಾಲಾಗಿ ನಿಂತ ಲಾರಿಗಳ ಟೈರು ಬಿಸಿಲಿಗೆ ಒಡೆಯುತ್ತಿದ್ದಾಗಲೂ ಕಂತಿನ ದಿನಾಂಕ ತಪ್ಪದೆ ಬರುತ್ತಿತ್ತು. ಸೀಜ್ ಆದ ಲಾರಿಗಳು ಹರಾಜಿನಲ್ಲಿ ಅರ್ಧ ಬೆಲೆಗೂ ಹೋಗಲಿಲ್ಲ, ಏಕೆಂದರೆ ಕೊಳ್ಳಬೇಕಾದವರೂ ಅದೇ ಸಾಲಿನಲ್ಲಿ ನಿಂತಿದ್ದರು. ಮುಂದೆ ನ್ಯಾಯಾಲಯ ಮೂರು ಜಿಲ್ಲೆಗಳಿಗೂ ಸೇರಿ ವರ್ಷಕ್ಕೆ 3 ಕೋಟಿ ಟನ್ನಿನ ಮಿತಿ ಹಾಕಿ ಗಣಿಗಳನ್ನು ಹಂತಹಂತವಾಗಿ ತೆರೆಯಲು ಬಿಟ್ಟಿತು. 2017ರಲ್ಲಿ ಆ ಮಿತಿ 3.5 ಕೋಟಿ ಟನ್ನಾಯಿತು. ಅಷ್ಟರಲ್ಲಿ ಕೆಲಸದ ಸ್ವರೂಪವೇ ಬದಲಾಗತೊಡಗಿತ್ತು. ಸಂಡೂರಿನ ನಂದಿಹಳ್ಳಿಯ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇಂದು ಅದಿರು ಪೈಪ್ ಕನ್ವೇಯರಿನೊಳಗೆ ಹರಿದು ಹೋಗುತ್ತದೆ. ರಸ್ತೆಗೂ ಗಾಳಿಗೂ ಅದು ಒಳ್ಳೆಯದೇ. ಆದರೆ ಒಂದು ಊರಿನ ನೂರಾರು ಮನೆಗಳ ಅನ್ನ ಒಂದೇ ಸರಕು, ಒಂದೇ ದಾರಿ, ಬೆರಳೆಣಿಕೆಯ ಗಿರಾಕಿಗಳನ್ನು ನಂಬಿಕೊಂಡಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಆದಮೇಲೂ ಒಂದೇ ಲಾರಿಯವರು ಉಳಿದರು, ಏಕೆಂದರೆ ದಾವಣಗೆರೆಯ ಮೆಕ್ಕೆಜೋಳ ನಾಮಕ್ಕಲ್‌ನ ಕೋಳಿ ಫಾರಂಗಳಿಗೆ ಹೋಗಬೇಕಾಗಿತ್ತು, ಬ್ಯಾಡಗಿಯ ಮೆಣಸಿನಕಾಯಿ, ಗದಗಿನ ಈರುಳ್ಳಿ, ಇಳಕಲ್ಲಿನ ಗ್ರಾನೈಟ್, ಕೋಲಾರದ ಟೊಮೆಟೊ ಎಲ್ಲವೂ ಎಲ್ಲಿಗೋ ಹೋಗಬೇಕಾಗಿತ್ತು. ಅವರನ್ನು ಇಂದು ಕಾಡುತ್ತಿರುವುದು ಕೆಲಸದ ಅಭಾವಕ್ಕಿಂತ ಹೆಚ್ಚಾಗಿ, ಕೆಲಸ ಕೈಗೆ ಬರುವ ಬಗೆ. ಕಾರ್ಖಾನೆಯೊಂದು ಸಾಗಣೆಯ ಗುತ್ತಿಗೆಯನ್ನು ಒಬ್ಬ ದೊಡ್ಡ ಟ್ರಾನ್ಸ್‌ಪೋರ್ಟರಿಗೆ ಕೊಡುತ್ತದೆ. ಅವನ ಬಳಿ ಬೇಕಾದಷ್ಟು ಲಾರಿ ಇರುವುದಿಲ್ಲ, ಹಾಗಾಗಿ ಊರಿನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೇಳುತ್ತಾನೆ. ಆಫೀಸಿನವರು ಬ್ರೋಕರಿಗೆ ಫೋನು ಮಾಡುತ್ತಾರೆ. ಬ್ರೋಕರ್ ಚಹಾದಂಗಡಿಯ ಮುಂದೆ ನಿಂತ ಲಾರಿಯವನನ್ನು ಕರೆಯುತ್ತಾನೆ. ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ಕಮಿಷನ್ ಉಳಿಯುತ್ತದೆ. ಕಾರ್ಖಾನೆ ಟನ್ನಿಗೆ ಎಷ್ಟು ಕೊಟ್ಟಿತು ಎಂಬುದು ಕೊನೆಯ ಮೆಟ್ಟಿಲಿನವನಿಗೆ ತಿಳಿಯುವುದೇ ಇಲ್ಲ. ಅವನ ಕೈಗೆ ಅಡ್ವಾನ್ಸ್ ಬರುತ್ತದೆ, ಅದರಲ್ಲಿ ಡೀಸೆಲ್ ಹಾಕಿಸಿ ಹೊರಡುತ್ತಾನೆ. ಉಳಿದ ಬ್ಯಾಲೆನ್ಸ್, ಸರಕು ಇಳಿದದ್ದಕ್ಕೆ ಸಹಿ ಹಾಕಿದ ಎಲ್.ಆರ್. (ಸರಕು ಸಾಗಣೆಯ ರಸೀದಿ) ಪ್ರತಿ ವಾಪಸು ತಲುಪಿದ ಮೇಲೆ, ಕೆಲವೊಮ್ಮೆ ತಿಂಗಳು ಕಳೆದ ಮೇಲೆ, ತೂಕ ಕಡಿಮೆ ಬಂತು, ಚೀಲ ಒದ್ದೆಯಾಯಿತು ಎಂಬ ಕಡಿತಗಳೊಂದಿಗೆ ಬರುತ್ತದೆ. ನನ್ನ ಬಳಿ ಬರುವ ಹಗರಿಬೊಮ್ಮನಹಳ್ಳಿ ಕಡೆಯ ಮಾಲೀಕರೊಬ್ಬರು ಒಮ್ಮೆ, “ಸಾರ್, ಲಾರಿ ನಂದು, ಡೀಸೆಲ್ ನಂದು, ಟೈರು ನಂದು, ನಿದ್ದೆ ಕೆಟ್ಟಿದ್ದೂ ನಂದೇ. ಬಾಡಿಗೆ ಎಷ್ಟು ಅಂತ ಹೇಳೋನು ಮಾತ್ರ ಇನ್ಯಾರೋ” ಎಂದಿದ್ದರು. ಈ ವ್ಯವಸ್ಥೆಯನ್ನು ಇದಕ್ಕಿಂತ ಸರಿಯಾಗಿ ವಿವರಿಸಿದ ಯಾವ ವರದಿಯನ್ನೂ ನಾನು ಓದಿಲ್ಲ.

ಕಾನೂನು ಅವರನ್ನು ಮರೆತಿದೆ ಎಂದು ಹೇಳಲಾಗದು. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಹಾಗೆ ಪಾವತಿಸದ ಹಣವನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳಲಾಗದಂತೆ ಆದಾಯ ತೆರಿಗೆಯ ನಿಯಮವನ್ನೂ ಇತ್ತೀಚೆಗೆ ಬಿಗಿ ಮಾಡಲಾಗಿದೆ. ಒಂದು ಲಾರಿಯ ಮಾಲೀಕನೂ ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬಹುದು, ನಾನೇ ಹಲವರಿಗೆ ಮಾಡಿಸಿಕೊಟ್ಟಿದ್ದೇನೆ. ಆದರೆ ಕಾರ್ಖಾನೆಯ ಪುಸ್ತಕದಲ್ಲಿ ಇವನ ಹೆಸರೇ ಇರುವುದಿಲ್ಲ. ಕಾರ್ಖಾನೆ ತನ್ನ ಗುತ್ತಿಗೆದಾರನಿಗೆ ಹೊತ್ತಿಗೆ ಸರಿಯಾಗಿ ಹಣ ಕೊಟ್ಟು ಕಾನೂನು ಪಾಲಿಸಿರುತ್ತದೆ, ಆ ಹಣ ಕೆಳಗಿಳಿಯುವ ಮೆಟ್ಟಿಲುಗಳಲ್ಲಿ ಯಾವ ಲಿಖಿತ ಕರಾರೂ ಇರುವುದಿಲ್ಲ. ಕರಾರೇ ಇಲ್ಲದ ಮೇಲೆ 45 ದಿನಗಳನ್ನು ಎಲ್ಲಿಂದ ಎಣಿಸುವುದು?

ಡೀಸೆಲ್ ವಿಷಯದಲ್ಲೂ ಇದೇ ಕಥೆ. 2017ರ ಜೂನ್‌ನಿಂದ ಇಂಧನದ ಬೆಲೆ ದಿನವೂ ಬದಲಾಗಬಹುದಾದ ವ್ಯವಸ್ಥೆ ಬಂದಿದೆ. ದೊಡ್ಡ ಸಾಗಣೆ ಕಂಪನಿಗಳ ಗುತ್ತಿಗೆಗಳಲ್ಲಿ ಡೀಸೆಲ್ ಏರಿದರೆ ಬಾಡಿಗೆಯೂ ಇಷ್ಟು ಏರಬೇಕೆಂಬ ಷರತ್ತು ಇರುತ್ತದೆ. ರಸ್ತೆಬದಿಯಲ್ಲಿ ಮಾತಾಡಿ ಗೊತ್ತುಮಾಡುವ ಬಾಡಿಗೆಗೆ ಅಂಥ ಷರತ್ತು ಎಲ್ಲಿಂದ ಬರಬೇಕು? 2025ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದಾಗ ರಾಜ್ಯದ ಲಾರಿ ಮಾಲೀಕರ ಒಕ್ಕೂಟ ಮುಷ್ಕರ ಹೂಡಿದ್ದು ಈ ಕಾರಣಕ್ಕೇ. ದೇಶಮಟ್ಟದಲ್ಲಿ 2018ರ ಜುಲೈ 20ರಿಂದ ಎಂಟು ದಿನ ಲಾರಿಗಳು ನಿಂತಾಗಲೂ ಡೀಸೆಲ್ ಬೆಲೆಯೇ ಮುಖ್ಯ ಬೇಡಿಕೆಯಾಗಿತ್ತು. ಮುಷ್ಕರ ಹೂಡಿದವರ ನೋವು ನಿಜ. ಆದರೂ ಸರ್ಕಾರದ ಮುಂದೆ ತೆರಿಗೆ ಇಳಿಸಿ ಎಂದು ಕೇಳುವಷ್ಟೇ ಒಗ್ಗಟ್ಟಿನಿಂದ ಸರಕಿನ ಒಡೆಯರ ಮುಂದೆ ಬಾಡಿಗೆ ಹೆಚ್ಚಿಸಿ ಎಂದು ನಾವು ಕೇಳಿಲ್ಲ ಎಂಬುದು ನನ್ನ ಕೊರಗು. ತೆರಿಗೆ ಇಳಿದ ದಿನ ಬಾಡಿಗೆಯನ್ನೂ ಅಷ್ಟೇ ಇಳಿಸಿ ಎನ್ನುವ ಶಕ್ತಿ ಅವರ ಕಡೆಗಿದೆ, ಏರಿದ ದಿನ ಏರಿಸಿ ಎನ್ನುವ ಶಕ್ತಿ ನಮ್ಮ ಕಡೆಗಿಲ್ಲ.

ಅದೇ 2018ರ ಜುಲೈನಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂದಿತು. ಎರಡು ಆಕ್ಸಲ್ಲಿನ (ಚಕ್ರಗಳ ಅಚ್ಚಿನ) ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ, ಮೂರು ಆಕ್ಸಲ್ಲಿನದನ್ನು 25ರಿಂದ 28.5 ಟನ್ನಿಗೆ, ಅತಿ ದೊಡ್ಡ ಟ್ರೇಲರುಗಳದ್ದನ್ನು 49ರಿಂದ 55 ಟನ್ನಿಗೆ ಏರಿಸಲಾಯಿತು. ಓವರ್‌ಲೋಡ್ ತುಂಬಿ ದಂಡ ಕಟ್ಟುವುದು ತಪ್ಪುತ್ತದೆಂದು ಹಲವರು ಸಂತೋಷಪಟ್ಟರು. ಆದರೆ ಸರಕು ಅಷ್ಟೇ ಇದ್ದು ಪ್ರತಿ ಲಾರಿಯ ಹೊರೆ ಹೆಚ್ಚಾದಾಗ ಲಾರಿಗಳೇ ಹೆಚ್ಚಾದಂತೆ. ಮರುವರ್ಷ ಆರ್ಥಿಕತೆ ನಿಧಾನವಾದಾಗ ರಿಟರ್ನ್ ಲೋಡಿಗಾಗಿ ಕಾಯುವವರ ಸಾಲು ಇನ್ನಷ್ಟು ಉದ್ದವಾಯಿತು. ಆಮೇಲೆ ಬಂದದ್ದು 2020ರ ಲಾಕ್‌ಡೌನ್. ಆ ವರ್ಷ ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತುಗಳಿಗೆ ವಿನಾಯಿತಿ ಸಿಕ್ಕಿತು, ಬಡ್ಡಿಗೆ ಸಿಗಲಿಲ್ಲ.

ಲಾರಿ ಓಡಲಿ ನಿಲ್ಲಲಿ, ಕೆಲವು ಖರ್ಚುಗಳು ನಿಲ್ಲುವುದಿಲ್ಲ. 20ರಿಂದ 40 ಟನ್ನಿನ ಲಾರಿಯ ಥರ್ಡ್ ಪಾರ್ಟಿ ವಿಮೆಗೆ 2022ರ ಜೂನ್‌ನಲ್ಲಿ ನಿಗದಿಯಾದ ಮೊತ್ತವೇ ವರ್ಷಕ್ಕೆ 43,950 ರೂಪಾಯಿ. ಹದಿನೈದು ವರ್ಷ ದಾಟಿದ ಭಾರಿ ವಾಹನದ ಎಫ್.ಸಿ. ಶುಲ್ಕವನ್ನು ಕೇಂದ್ರ ಸರ್ಕಾರ ಅದೇ ವರ್ಷದ ಏಪ್ರಿಲ್‌ನಿಂದ 12,500 ರೂಪಾಯಿಗೆ ಏರಿಸಿತು. ಹನ್ನೆರಡು ವರ್ಷ ಮೀರಿದ ಲಾರಿಗೆ, ಮಲ್ಟಿ ಆಕ್ಸಲ್ ಆದರೆ ಹದಿನೈದು ವರ್ಷ ಮೀರಿದ್ದಕ್ಕೆ, ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ಏಳೆಂಟು ವರ್ಷ ಹಳೆಯ ಲಾರಿಯನ್ನೇ ಕೊಂಡು ವೃತ್ತಿ ಆರಂಭಿಸುವವನಿಗೆ ಈ ಕೊನೆಯ ನಿಯಮದ ಅರ್ಥ, ಸಾಲ ತೀರುವ ಹೊತ್ತಿಗೆ ಲಾರಿ ರಾಜ್ಯದ ಗಡಿ ದಾಟುವ ಹಕ್ಕನ್ನೇ ಕಳೆದುಕೊಂಡಿರುತ್ತದೆ ಎಂಬುದು. ಆದಾಯ ತೆರಿಗೆ ಇಲಾಖೆಯದು ಇನ್ನೊಂದು ಲೆಕ್ಕ. ಹತ್ತು ಲಾರಿಗಳವರೆಗೆ ಇರುವವರು ಪುಸ್ತಕ ಬರೆಯಬೇಕಿಲ್ಲ, ಭಾರಿ ವಾಹನವಾದರೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಬಂತೆಂದು ಭಾವಿಸಲಾಗುತ್ತದೆ. ಅಂದರೆ 28 ಟನ್ನಿನ ಹತ್ತು ಚಕ್ರದ ಲಾರಿ ತಿಂಗಳಿಗೆ 28,000 ರೂಪಾಯಿ ಉಳಿಸುತ್ತದೆ ಎಂದು ಕಾನೂನು ನಂಬುತ್ತದೆ, ಆ ತಿಂಗಳು ಲಾರಿ ಶೆಡ್ಡಿನಲ್ಲಿ ನಿಂತಿದ್ದರೂ. ಒಂದೇ ಲಾರಿಯವರಿಗೆ ಇದರಿಂದ ತೆರಿಗೆಯೇನೂ ಬೀಳುವುದಿಲ್ಲ, ಪುಸ್ತಕ ಬರೆಯುವ ಕಷ್ಟವೂ ತಪ್ಪುತ್ತದೆ. ಅದರ ಫಲವಾಗಿ ತನ್ನ ಲಾರಿ ಕಿಲೋಮೀಟರಿಗೆ ನಿಜವಾಗಿ ಎಷ್ಟು ತಿನ್ನುತ್ತದೆ, ಎಷ್ಟು ಉಳಿಸುತ್ತದೆ ಎಂಬ ಲೆಕ್ಕವನ್ನು ಬಹುಪಾಲು ಮಾಲೀಕರು ಎಂದೂ ಬರೆದಿಟ್ಟಿಲ್ಲ. ಬಾಡಿಗೆ ಮಾತಾಡುವಾಗ ಎದುರಿನವನ ಬಳಿ ಲೆಕ್ಕವಿರುತ್ತದೆ, ಇವನ ಬಳಿ ಅಂದಾಜು ಮಾತ್ರ ಇರುತ್ತದೆ.

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಹೋದವು. ನಿಪ್ಪಾಣಿ ದಾಟಲು, ಅತ್ತಿಬೆಲೆ ದಾಟಲು ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲುವುದು ತಪ್ಪಿತು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಮೇಲೆ ಟೋಲಿನಲ್ಲೂ ಹೊತ್ತು ಉಳಿಯಿತು. ಹೀಗೆ ಉಳಿದ ಹೊತ್ತು ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರ ಕಾರ್ಖಾನೆಯ ಗೇಟಿನ ಮುಂದೆ ಸಿಗುತ್ತದೆ. ದಾರಿಯಲ್ಲಿ ಬೇಗ ಬಂದ ಲಾರಿ ಗೇಟಿನ ಹೊರಗೆ ಒಂದು ದಿನ, ಎರಡು ದಿನ, ಹಬ್ಬ ಬಂದರೆ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ. ಗೋದಾಮು ಖಾಲಿಯಿಲ್ಲದಿದ್ದಾಗ ಲಾರಿಯನ್ನೇ ಗೋದಾಮನ್ನಾಗಿ ಬಳಸಿಕೊಳ್ಳುವುದು ಸರಕಿನ ಒಡೆಯನಿಗೆ ಎಲ್ಲಕ್ಕಿಂತ ಅಗ್ಗ. ಹಾಗೆ ಕಾದದ್ದಕ್ಕೆ ಕೊಡುವ ಹಣಕ್ಕೆ ಹಾಲ್ಟಿಂಗ್ ಎಂದು ಹೆಸರಿದೆ, ಕೊಡಬೇಕೆಂಬ ರೂಢಿಯೂ ಇದೆ. ಕೇಳಿದವನಿಗೆ ಮುಂದಿನ ಲೋಡು ಸಿಗುವುದಿಲ್ಲವಾದ್ದರಿಂದ ಕೇಳುವವರು ಕಡಿಮೆ. ಒಂದೇ ಲಾರಿಯ ಮಾಲೀಕನ ಭವಿಷ್ಯವನ್ನು ನಿರ್ಧರಿಸುವುದು ಹೊಸ ಎಂಜಿನ್ನೂ ಅಲ್ಲ, ಚಾಲಕನಿಲ್ಲದ ವಾಹನವೂ ಅಲ್ಲ. ಈ ಕಾಯುವಿಕೆಯ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆ ಎಂದು ನಾನು ನಂಬಿದ್ದೇನೆ. ತಿಂಗಳಲ್ಲಿ ಎಂಟು ದಿನ ಬರಿದೇ ನಿಂತ ಲಾರಿಯ ಕಂತನ್ನು ಎಷ್ಟೇ ಮೈಲೇಜ್ ಕೊಡುವ ಎಂಜಿನ್ನೂ ಕಟ್ಟಲಾರದು.

ಮಧ್ಯವರ್ತಿಗಳನ್ನು ತೆಗೆದುಹಾಕುತ್ತೇವೆ ಎಂದು ಹತ್ತು ವರ್ಷಗಳ ಹಿಂದೆ ಆ್ಯಪ್‌ಗಳು ಬಂದಾಗ ನಾನೂ ಬಹಳ ನಿರೀಕ್ಷೆ ಇಟ್ಟುಕೊಂಡಿದ್ದೆ. ಬೆಂಗಳೂರಿನ ಬ್ಲ್ಯಾಕ್‌ಬಕ್ 2015ರಲ್ಲಿ ಆರಂಭವಾದದ್ದು ಲಾರಿಗೂ ಲೋಡಿಗೂ ಗಂಟು ಹಾಕುವ ಉದ್ದೇಶದಿಂದಲೇ. 2024ರ ನವೆಂಬರ್‌ನಲ್ಲಿ ಅದು ಷೇರುಪೇಟೆಗೆ ಬರುವ ಹೊತ್ತಿಗೆ ಅದರ ಆದಾಯದ ಬಹುಪಾಲು ಬರುತ್ತಿದ್ದದ್ದು ಫಾಸ್ಟ್ಯಾಗ್, ಡೀಸೆಲ್ ಪಾವತಿ ಮತ್ತು ಜಿಪಿಎಸ್‌ನಿಂದ. ಆ ಸೇವೆಗಳು ಮಾಲೀಕರಿಗೆ ಉಪಯುಕ್ತವಾಗಿಯೇ ಇವೆ. ಆದರೆ ಲಾರಿಯವನ ಖರ್ಚನ್ನು ಸುಲಭಗೊಳಿಸುವುದು ಸಾಧ್ಯವಾದಷ್ಟು ಬೇಗ, ಅವನ ಬಾಡಿಗೆಯನ್ನು ನ್ಯಾಯಗೊಳಿಸುವುದು ತಂತ್ರಜ್ಞಾನಕ್ಕೆ ಸಾಧ್ಯವಾಗಲಿಲ್ಲ. ಇಂದು ಅನೇಕ ಬ್ರೋಕರುಗಳು ಅದೇ ಆ್ಯಪ್‌ಗಳಲ್ಲಿ ಲೋಡು ಹಾಕುತ್ತಾರೆ. ಮೊದಲು ಚಹಾದಂಗಡಿಯ ಮುಂದೆ ನಿಂತ ಹತ್ತು ಲಾರಿಗಳ ನಡುವೆ ಇದ್ದ ಪೈಪೋಟಿ ಈಗ ನೂರಾರು ಲಾರಿಗಳ ನಡುವೆ ನಡೆಯುತ್ತದೆ.

ದೊಡ್ಡ ಕಂಪನಿಗಳು ಮಾಡಬಲ್ಲ, ಒಬ್ಬ ಮಾಲೀಕ ಮಾಡಲಾರದ ಕೆಲಸಗಳೂ ಇವೆ. ರಿವಿಗೊ ಎಂಬ ಕಂಪನಿ ಒಂದೊಂದು ತಂಗುದಾಣದಲ್ಲಿ ಚಾಲಕರನ್ನು ಬದಲಿಸುತ್ತಾ, ಲಾರಿಯನ್ನು ನಿಲ್ಲಿಸದೆ ಓಡಿಸುತ್ತಾ, ಚಾಲಕನನ್ನು ಅಂದೇ ಮನೆಗೆ ತಿರುಗಿ ಕಳುಹಿಸುವ ವ್ಯವಸ್ಥೆ ಮಾಡಿತ್ತು; 2022ರಲ್ಲಿ ಅದರ ಎಕ್ಸ್‌ಪ್ರೆಸ್ ವ್ಯವಹಾರವನ್ನು ಮಹೀಂದ್ರ ಲಾಜಿಸ್ಟಿಕ್ಸ್ ಕೊಂಡಿತು. ವ್ಯಾಪಾರವಾಗಿ ಅದು ಗೆದ್ದಿತೋ ಸೋತಿತೋ, ಚಾಲಕ ರಾತ್ರಿ ಮನೆಯಲ್ಲಿ ಊಟ ಮಾಡಬೇಕೆಂಬ ವಿಚಾರ ಮಾತ್ರ ಸರಿಯಾದದ್ದು. ತನ್ನ ಲಾರಿಯನ್ನು ತಾನೇ ಓಡಿಸುವವನು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ, ಬಂದಾಗಲೂ ಗ್ಯಾರೇಜಿನಲ್ಲಿರುತ್ತಾನೆ. ಅಂಥ ಮನೆಗಳ ಮಕ್ಕಳು ಸ್ಟೀರಿಂಗ್ ಹಿಡಿಯಲು ಒಪ್ಪುತ್ತಿಲ್ಲ, ತಾಯಂದಿರು ಒಪ್ಪಿಸುವುದೂ ಇಲ್ಲ. ನಾನು ಲೆಕ್ಕ ನೋಡುವ ಮಾಲೀಕರಲ್ಲಿ ಐವತ್ತು ದಾಟಿದವರೇ ಹೆಚ್ಚು. ವಿಮೆಯಲ್ಲಿ ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ಅಪಘಾತ ರಕ್ಷಣೆ 2018ರಿಂದ ಇದೆ, ಅದು ದೊಡ್ಡ ಸಮಾಧಾನ. ಆದರೆ ಅದು ಅಪಘಾತಕ್ಕೆ ಮಾತ್ರ. ಸ್ಟೀರಿಂಗ್ ಮುಂದೆಯೇ ಎದೆನೋವು ಬಂದು ಹೋದವನ ಮನೆಯವರಿಗೆ ಉಳಿಯುವುದು ಲಾರಿ ಮತ್ತು ಅದರ ಕಂತು. ಅಂಥ ಮನೆಯವರಿಗೆ ಕಾಗದಗಳನ್ನು ವಿವರಿಸಿ ಹೇಳುವುದು ನನ್ನ ವೃತ್ತಿಯಲ್ಲಿ ಅತ್ಯಂತ ಕಷ್ಟದ ಕೆಲಸ.

ವಿದ್ಯುತ್ ಲಾರಿಗಳ ಬಗ್ಗೆ ಹೆಚ್ಚು ಬರೆಯಲಾರೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದೊಂದು ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿಯ ಸಹಾಯಧನ ಘೋಷಿಸಿತು, ಹಳೆಯ ಲಾರಿಯನ್ನು ಗುಜರಿಗೆ ಹಾಕಬೇಕೆಂಬ ಷರತ್ತಿನೊಂದಿಗೆ. ಬಂದರು, ಸಿಮೆಂಟು, ಉಕ್ಕಿನ ಕಾರ್ಖಾನೆಗಳ ನಿಶ್ಚಿತ ದಾರಿಗಳಲ್ಲಿ ಅವು ಬೇಗ ಬರುತ್ತವೆ, ಅಲ್ಲಿ ಒಂದೇ ಲಾರಿಯವನಿಗೆ ಸದ್ಯಕ್ಕೆ ಜಾಗವಿಲ್ಲ. ರೈಲಿನ ಬಗ್ಗೆ ಇರುವ ಭಯ ಮಾತ್ರ ಅರ್ಧ ಅನಗತ್ಯ. ಕೊಂಕಣ ರೈಲ್ವೆ 1999ರಿಂದಲೂ ಲಾರಿಗಳನ್ನೇ ವ್ಯಾಗನ್ನಿನ ಮೇಲೆ ಹತ್ತಿಸಿಕೊಂಡು ಹೋಗುತ್ತಿದೆ. 2020ರ ಆಗಸ್ಟಿನಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಬಾಳೆಯವರೆಗೆ ಅಂಥದೇ ಸೇವೆಯನ್ನು ನೈರುತ್ಯ ರೈಲ್ವೆ ಆರಂಭಿಸಿತು. ಡೀಸೆಲ್ ಉಳಿಯುತ್ತದೆ, ಟೈರು ಉಳಿಯುತ್ತದೆ, ಚಾಲಕ ನಿದ್ದೆ ಮಾಡುತ್ತಾನೆ. ಇಂಥ ಸೇವೆಗಳಲ್ಲಿ ಸಣ್ಣ ಮಾಲೀಕರಿಗೆ ಒಂದಿಷ್ಟು ಜಾಗ ಮೀಸಲಿಡುವಂತೆ ಕೇಳುವ ಸಂಘಟನೆ ನಮಗೆ ಬೇಕಾಗಿದೆ.

ಹೊರದೇಶಗಳಲ್ಲೂ ಈ ಪ್ರಶ್ನೆ ಬಗೆಹರಿದಿಲ್ಲ. ತನ್ನದೇ ಲಾರಿಯನ್ನು ಒಂದೇ ಕಂಪನಿಗೆ ಓಡಿಸುವವನು ಸ್ವತಂತ್ರ ವ್ಯಾಪಾರಿಯೋ ಅಥವಾ ಆ ಕಂಪನಿಯ ನೌಕರನೋ ಎಂಬ ವಿಚಾರದಲ್ಲಿ ಕ್ಯಾಲಿಫೋರ್ನಿಯಾ 2019ರಲ್ಲಿ ಅಂಥವರನ್ನು ಹೆಚ್ಚಾಗಿ ನೌಕರರೆಂದೇ ಎಣಿಸುವ ಎಬಿ 5 ಎಂಬ ಕಾನೂನು ಮಾಡಿತು. ಅದು ತಮಗೆ ಅನ್ವಯವಾಗುವುದನ್ನು ವಿರೋಧಿಸಿ 2022ರ ಜುಲೈನಲ್ಲಿ ಓಕ್ಲೆಂಡ್ ಬಂದರಿನ ಕೆಲಸವನ್ನೇ ನಿಲ್ಲಿಸಿದವರು ಅಂಥ ಮಾಲೀಕ-ಚಾಲಕರು. ನೌಕರನಿಗೆ ಸಿಗುವ ರಕ್ಷಣೆಗಿಂತ ತನ್ನ ಲಾರಿಯ ಮೇಲಿನ ಹಿಡಿತವೇ ಅವರಿಗೆ ದೊಡ್ಡದಾಗಿತ್ತು. ನಮ್ಮಲ್ಲಿ ಕಂಪನಿಗೆ ‘ಅಟ್ಯಾಚ್’ ಮಾಡಿದ ಲಾರಿಗಳ ಸ್ಥಿತಿಯೂ ಅದೇ, ಆದರೆ ಇಲ್ಲಿ ಯಾರೂ ಇನ್ನೂ ಆ ಪ್ರಶ್ನೆಯನ್ನು ಕೇಳಿಲ್ಲ.

ನನಗೆ ಹೆಚ್ಚು ಪಾಠ ಕಲಿಸಿದ್ದು ಹಿಮಾಚಲ ಪ್ರದೇಶ. ಅಲ್ಲಿನ ಬರ್ಮಾಣಾ ಮತ್ತು ದಾಡ್ಲಾಘಾಟ್‌ನ ಸಿಮೆಂಟ್ ಕಾರ್ಖಾನೆಗಳ ಸಾಗಣೆ ಸ್ಥಳೀಯ ಲಾರಿ ಮಾಲೀಕರ ಸಂಘಗಳ ಕೈಯಲ್ಲಿದೆ. ಅವರಲ್ಲಿ ಕಾರ್ಖಾನೆಗೆ ಭೂಮಿ ಬಿಟ್ಟುಕೊಟ್ಟ ಕುಟುಂಬಗಳವರೂ ಇದ್ದಾರೆ. ಲಾರಿಗಳು ಸರದಿಯ ಪ್ರಕಾರ ಲೋಡು ಪಡೆಯುತ್ತವೆ, ಬಾಡಿಗೆ ಟನ್ನಿಗೆ ಕಿಲೋಮೀಟರಿಗೆ ಇಷ್ಟೆಂದು ಎಲ್ಲರಿಗೂ ಗೊತ್ತಿರುತ್ತದೆ. 2022ರಲ್ಲಿ ಕಾರ್ಖಾನೆಗಳು ಅದಾನಿ ಸಮೂಹದ ಒಡೆತನಕ್ಕೆ ಬಂದಮೇಲೆ, ಬಾಡಿಗೆ ಹೆಚ್ಚಾಯಿತೆಂಬ ಕಾರಣಕ್ಕೆ ಡಿಸೆಂಬರ್ ಮಧ್ಯದಲ್ಲಿ ಎರಡೂ ಕಾರ್ಖಾನೆಗಳನ್ನು ಮುಚ್ಚಲಾಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಸಾವಿರಾರು ಲಾರಿಗಳು ನಿಂತವು. 2023ರ ಫೆಬ್ರುವರಿ 20ರಂದು ರಾಜ್ಯ ಸರ್ಕಾರದ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು: ಸಣ್ಣ ಲಾರಿಗೆ 10.30 ರೂಪಾಯಿ, ಮಲ್ಟಿ ಆಕ್ಸಲ್‌ಗೆ 9.30 ರೂಪಾಯಿ. ಮೊದಲಿದ್ದ ದರ ಬರ್ಮಾಣಾದಲ್ಲಿ 11.41, ದಾಡ್ಲಾಘಾಟ್‌ನಲ್ಲಿ 10.58. ಹಾಗಾಗಿ ಲಾರಿಯವರು ಕಳೆದುಕೊಂಡರು ಎನ್ನಬಹುದು. ಆದರೆ ಒಂದೊಂದು ಲಾರಿಯ ಮಾಲೀಕರು ದೇಶದ ಅತಿ ದೊಡ್ಡ ಉದ್ಯಮ ಸಮೂಹಗಳಲ್ಲೊಂದರ ಎದುರು ಒಂದೇ ಮೇಜಿನ ಆಚೆ ಬದಿ ಕುಳಿತು ಪೈಸೆಯ ಲೆಕ್ಕದಲ್ಲಿ ಬಾಡಿಗೆ ಚರ್ಚಿಸಿದರು ಎಂಬುದನ್ನು ನಾನು ಮರೆಯಲಾರೆ. ಹೊಸಪೇಟೆಯಲ್ಲಿ ಒಂದೇ ಗೇಟಿನಿಂದ ಹೊರಡುವ ಎರಡು ಲಾರಿಗಳಿಗೆ ಪರಸ್ಪರರ ಬಾಡಿಗೆ ಗೊತ್ತಿರುವುದಿಲ್ಲ.

ಸಂಘಗಳಿಗೆ ಇನ್ನೊಂದು ಮುಖವೂ ಇದೆ. ಹೊರಗಿನ ಲಾರಿಗೆ ಲೋಡು ತುಂಬಲು ಬಿಡದಿರುವುದು, ಬಲವಂತದ ಚಂದಾ, ಕೆಲವರಿಗೇ ಸರದಿ ಸಿಗುವುದು ಇವೆಲ್ಲ ನಮ್ಮ ಊರುಗಳಲ್ಲೂ ಕಂಡದ್ದೇ. ಪಂಜಾಬ್ ಸರ್ಕಾರ 2017ರಲ್ಲಿ ಲಾರಿ ಯೂನಿಯನ್ನುಗಳ ಏಕಸ್ವಾಮ್ಯವನ್ನೇ ನಿಯಮ ಮಾಡಿ ನಿಷೇಧಿಸಿದ್ದಕ್ಕೆ ಕಾರಣಗಳಿದ್ದವು. ದಾರಿ ಅಡ್ಡಗಟ್ಟುವ ಸಂಘ ನನಗೆ ಬೇಕಿಲ್ಲ, ಲೋಡು ಹಿಡಿಯುವ ಸಂಘ ಬೇಕು. ಇದಕ್ಕೆ ನಮ್ಮ ರಾಜ್ಯದಲ್ಲೇ ಮಾದರಿಯಿದೆ. 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ ಮೊದಲಾಗಿ 1984ರಲ್ಲಿ ಕೆಎಂಎಫ್ (ಕರ್ನಾಟಕ ಹಾಲು ಮಹಾಮಂಡಳ) ಆದ ವ್ಯವಸ್ಥೆಯಲ್ಲಿ ಎರಡು ಹಸುವಿನ ರೈತ ಇಪ್ಪತ್ತು ಹಸುವಿನವನಾಗಬೇಕಾಗಲಿಲ್ಲ. ಹಸು ಅವನ ಕೊಟ್ಟಿಗೆಯಲ್ಲೇ ಉಳಿಯಿತು, ಹಾಲನ್ನು ಮಾತ್ರ ಎಲ್ಲರೂ ಒಟ್ಟಾಗಿ ಮಾರಿದರು, ಅಳತೆ ಎಲ್ಲರ ಕಣ್ಣ ಮುಂದೆ ನಡೆಯಿತು. ಒಂದೇ ಲಾರಿಯವನಿಗೆ ಬೇಕಾದದ್ದೂ ಅದೇ. ಲಾರಿ ಅವನ ಮನೆಯ ಮುಂದೆಯೇ ನಿಲ್ಲಲಿ, ಲೋಡನ್ನು ಒಟ್ಟಾಗಿ ಗುತ್ತಿಗೆ ಹಿಡಿಯೋಣ.

ಕಾಗದದ ದೃಷ್ಟಿಯಿಂದ ಇದು ಕಷ್ಟವಲ್ಲ ಎಂದು ನನ್ನ ವೃತ್ತಿಯ ಅನುಭವದಿಂದ ಹೇಳಬಲ್ಲೆ. 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿಯಲ್ಲಿ ಸಂಘ ನೋಂದಾಯಿಸಬಹುದು. ಸಂಘವೇ ಎಲ್.ಆರ್. ಕೊಟ್ಟಾಗ ಅದು ಜಿಎಸ್‌ಟಿಯ ಕಣ್ಣಿನಲ್ಲಿ ಸಾಗಣೆ ಏಜೆನ್ಸಿಯಾಗುತ್ತದೆ. ಸದಸ್ಯರು ಸಂಘಕ್ಕೆ ಲಾರಿ ಬಾಡಿಗೆ ಕೊಡುವುದಕ್ಕೆ ತೆರಿಗೆಯಿಲ್ಲ. ಸಾಮಾನ್ಯ ಸಾಗಣೆದಾರನಾಗಿ 2007ರ ರಸ್ತೆ ಸಾಗಣೆ ಕಾಯ್ದೆಯಡಿ ನೋಂದಣಿ ಮಾಡಿಸಿದರೆ ಕಾರ್ಖಾನೆಯ ಟೆಂಡರಿನಲ್ಲಿ ಸಂಘದ ಹೆಸರಿನಿಂದಲೇ ದರ ಹಾಕಬಹುದು, ಡೀಸೆಲ್ ಏರಿಳಿತದ ಷರತ್ತನ್ನು ಬರೆಸಬಹುದು, 45 ದಿನಗಳ ಲೆಕ್ಕವನ್ನು ನೇರವಾಗಿ ಕೇಳಬಹುದು. ಕಷ್ಟವಿರುವುದು ಮೊದಲ ವರ್ಷದಲ್ಲಿ: ಗುತ್ತಿಗೆಗೆ ಬ್ಯಾಂಕ್ ಗ್ಯಾರಂಟಿ ಬೇಕು, ಬ್ಯಾಲೆನ್ಸ್ ಬರುವವರೆಗೆ ಸದಸ್ಯರಿಗೆ ಅಡ್ವಾನ್ಸ್ ಕೊಡಲು ದುಡ್ಡು ಬೇಕು, ತನ್ನ ಸರದಿ ಬಿಟ್ಟು ಬ್ರೋಕರ್ ಕರೆದ ಕಡೆಗೆ ಓಡುವ ಸದಸ್ಯನನ್ನು ಹಿಡಿದಿಡಬೇಕು. ಜಿಲ್ಲಾ ಸಹಕಾರ ಬ್ಯಾಂಕುಗಳು ಟ್ರ್ಯಾಕ್ಟರಿಗೆ ಕೊಡುವ ಸಾಲದಲ್ಲಿ ಒಂದು ಸಣ್ಣ ಪಾಲನ್ನು ಇಂಥ ಸಂಘಗಳ ದುಡಿಯುವ ಬಂಡವಾಳಕ್ಕೆ ಕೊಟ್ಟರೂ ಮೊದಲ ಎರಡು ಕಷ್ಟಗಳು ನೀಗುತ್ತವೆ.

ಅಷ್ಟು ದೊಡ್ಡ ಕೆಲಸಕ್ಕೆ ಕಾಯದೆ ನಾಳೆಯೇ ಆರಂಭಿಸಬಹುದಾದ ಇನ್ನೊಂದು ಕೆಲಸವಿದೆ, ಅದನ್ನು ನಾನು ನಮ್ಮ ತಾಲ್ಲೂಕಿನ ಮಾಲೀಕರ ಮುಂದೆ ಇಡುತ್ತಾ ಬಂದಿದ್ದೇನೆ. ಲಾರಿ ಗೇಟಿಗೆ ಬಂದ ಹೊತ್ತು ಮತ್ತು ಖಾಲಿಯಾಗಿ ಹೊರಬಂದ ಹೊತ್ತು ಇಂದು ಮೂರು ನಾಲ್ಕು ಕಡೆ ದಾಖಲಾಗುತ್ತದೆ: ಗೇಟ್ ಪಾಸಿನಲ್ಲಿ, ವೇ ಬ್ರಿಡ್ಜಿನ ಚೀಟಿಯಲ್ಲಿ, ಜಿಪಿಎಸ್‌ನಲ್ಲಿ, ಸಮೀಪದ ಟೋಲಿನ ಫಾಸ್ಟ್ಯಾಗ್ ಸಂದೇಶದಲ್ಲಿ. ಲಾರಿ ತಡವಾಗಿ ಬಂತೆಂದು ದಂಡ ಹಾಕುವವರು ಈ ದಾಖಲೆಗಳನ್ನೇ ಬಳಸುತ್ತಾರೆ. ಮಾಲೀಕರು ಇವನ್ನು ಎಸೆಯದೆ ತಿಂಗಳಿಗೊಮ್ಮೆ ಒಂದು ಪುಸ್ತಕಕ್ಕೆ ಏರಿಸಿದರೆ, ಯಾವ ಗೇಟಿನಲ್ಲಿ ಎಷ್ಟು ಗಂಟೆ ಕಾಯಬೇಕಾಗುತ್ತದೆ ಎಂಬುದು ಒಂದೇ ಋತುವಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೆಚ್ಚು ಕಾಯಿಸುವ ಗೇಟಿಗೆ ಹಾಲ್ಟಿಂಗ್ ಸೇರಿಸಿಯೇ ಬಾಡಿಗೆ ಹೇಳಬೇಕು, ಅದಕ್ಕಿಂತ ಕಡಿಮೆಗೆ ಯಾರೂ ತುಂಬಬಾರದು. ಎಲ್.ಆರ್. ಪುಸ್ತಕದ ಹೊಸ ಮುದ್ರಣದಲ್ಲಿ ಈ ಎರಡು ಸಮಯಗಳಿಗೆ ಎರಡು ಖಾನೆಗಳನ್ನು ಸೇರಿಸಲು, ಇಳಿಸಿಕೊಂಡವರ ಸಹಿ ಅವುಗಳ ಕೆಳಗೇ ಬರುವಂತೆ ಮಾಡಲು, ಊರಿನ ಒಂದೆರಡು ಟ್ರಾನ್ಸ್‌ಪೋರ್ಟ್ ಆಫೀಸಿನವರು ಒಪ್ಪಿದ್ದಾರೆ. ಉಳಿದವರನ್ನು ಒಪ್ಪಿಸುವ ಮಾತು ನಡೆದಿದೆ.